ವೇಟಿಂಗ್ ಲಿಸ್ಟ್‌ನಲ್ಲಿ ಮಗಳ ಹೆಸರು, ಎದುರಿಗೆ ಮೇ 1ರ ಗಡುವು

ಶಿಕ್ಷಣ ಸಲಹೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾವು ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ನಮ್ಮ ಒಬ್ಬಳೇ ಮಗಳು ಈ ವರ್ಷ ಹನ್ನೆರಡನೇ ತರಗತಿಯ ಪರೀಕ್ಷೆ ಬರೆದಿದ್ದಾಳೆ. ಪರಿಸರ ವಿಜ್ಞಾನ ಓದಬೇಕೆಂದು ಅಮೆರಿಕದ ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದಳು. ಮಾರ್ಚ್ ಕೊನೆಯ ವಾರದಲ್ಲಿ ಉತ್ತರಗಳು ಬಂದವು. ಎರಡು ಕಡೆ ಇಲ್ಲವೆಂದರು. ಎರಡು ಕಡೆ ಸೀಟು ಸಿಕ್ಕಿದೆ, ಅವುಗಳಲ್ಲಿ ಒಂದರಲ್ಲಿ ಶುಲ್ಕಕ್ಕೆ ಒಳ್ಳೆಯ ರಿಯಾಯಿತಿಯೂ ಇದೆ. ಆದರೆ ಮೂರು ವರ್ಷಗಳಿಂದ ಅವಳು ಬಯಸಿದ್ದ ಐದನೆಯ ವಿಶ್ವವಿದ್ಯಾಲಯ ವೇಟ್‌ಲಿಸ್ಟ್‌ನಲ್ಲಿ ಇಟ್ಟಿದೆ. ಅಂದಿನಿಂದ ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ಸೀಟು ಸಿಕ್ಕ ಕಡೆ ಮೇ 1ರೊಳಗೆ ಹಣ ಕಟ್ಟಬೇಕಂತೆ. ಕಟ್ಟಿದರೆ ಅವಳಿಗೆ ಬೇಕಾದ ಕಡೆಯ ದಾರಿ ಮುಚ್ಚಿಹೋಗುತ್ತದೆಯೇ? ಪಟ್ಟಿಯಲ್ಲಿ ಅವಳು ಎಷ್ಟನೆಯವಳೆಂದು ಕೇಳಿದರೆ ಹೇಳುತ್ತಾರೆಯೇ? ನಮ್ಮ ಸಂಬಂಧಿಕರೊಬ್ಬರು ಸೇನೆಯಲ್ಲಿ ಬ್ರಿಗೇಡಿಯರ್ ಆಗಿ ನಿವೃತ್ತರಾದವರು. ಅವರಿಂದ ಶಿಫಾರಸು ಪತ್ರ ಬರೆಸಿದರೆ ಪ್ರಯೋಜನವಾದೀತೇ? ಅರ್ಜಿಯಲ್ಲಿ ಅವಳು ತನ್ನ ಅಜ್ಜ ನಲವತ್ತು ವರ್ಷ ಬರೆದಿಟ್ಟ ತೋಟದ ಮಳೆ ಪುಸ್ತಕಗಳ ಬಗ್ಗೆ ಬರೆದಿದ್ದಳು. ಅದಾದ ಮೇಲೆ ಅಕ್ಕಪಕ್ಕದ ಎರಡು ತೋಟಗಳ ಮಳೆ ಲೆಕ್ಕವನ್ನೂ ತಂದು ಕಂಪ್ಯೂಟರ್‌ಗೆ ಏರಿಸಿದ್ದಾಳೆ. ನಮ್ಮ ಯಜಮಾನರು ಹಣ ಕಟ್ಟದೆ ಕಾದು ನೋಡೋಣ ಎನ್ನುತ್ತಾರೆ. ನನಗೆ ಭಯವಾಗುತ್ತಿದೆ.

(ಹೆಸರು ಪ್ರಕಟಿಸಬೇಡಿ, ಸೋಮವಾರಪೇಟೆ ತಾಲ್ಲೂಕು)

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಾದುದು ಮೇ 1ರ ಗಡುವು, ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಹಣ ಕಟ್ಟಿ. ಸೀಟು ಸಿಕ್ಕಿರುವ ಎರಡರಲ್ಲಿ ಒಂದನ್ನು ಮನೆಯವರೆಲ್ಲ ಕೂತು ಆರಿಸಿ, ಅಲ್ಲಿಗೆ ಪ್ರವೇಶದ ಠೇವಣಿಯನ್ನು ಈ ತಿಂಗಳಲ್ಲೇ ಕಟ್ಟಿ ಮುಗಿಸಿ. ಹೀಗೆ ಕಟ್ಟುವುದರಿಂದ ವೇಟ್‌ಲಿಸ್ಟ್‌ನಲ್ಲಿರುವ ನಿಮ್ಮ ಮಗಳ ಹೆಸರಿಗೆ ಯಾವ ಧಕ್ಕೆಯೂ ಇಲ್ಲ. ಒಂದು ಕಡೆ ಠೇವಣಿ ಕಟ್ಟಿ ಇನ್ನೊಂದು ಕಡೆ ವೇಟ್‌ಲಿಸ್ಟ್‌ನಲ್ಲಿ ಉಳಿಯುವುದು ಅಮೆರಿಕದ ಪ್ರವೇಶ ಪದ್ಧತಿಯಲ್ಲಿ ಎಲ್ಲರೂ ಒಪ್ಪಿಕೊಂಡಿರುವ ನಡೆ. ವೇಟ್‌ಲಿಸ್ಟ್‌ನಲ್ಲಿ ಇಟ್ಟ ವಿಶ್ವವಿದ್ಯಾಲಯವೇ ತನ್ನ ಪತ್ರದಲ್ಲಿ ಬೇರೊಂದು ಕಡೆ ಸೀಟನ್ನು ಖಚಿತಪಡಿಸಿಕೊಳ್ಳಿ ಎಂದು ಸಾಮಾನ್ಯವಾಗಿ ಬರೆದಿರುತ್ತದೆ, ಮಗಳ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಮಾಡಬಾರದ ಕೆಲಸವೆಂದರೆ ಸೀಟು ಕೊಟ್ಟ ಎರಡೂ ಕಡೆ ಠೇವಣಿ ಕಟ್ಟಿ ಇಬ್ಬರನ್ನೂ ಕಾಯಿಸುವುದು. ಅದನ್ನು ಅವರು ವಚನಭಂಗವೆಂದೇ ಎಣಿಸುತ್ತಾರೆ, ಗೊತ್ತಾದರೆ ಎರಡೂ ಸೀಟು ಕೈತಪ್ಪಬಹುದು.

ಮುಂದೆ ವೇಟ್‌ಲಿಸ್ಟ್‌ನಿಂದ ಕರೆ ಬಂದು ಮಗಳು ಅಲ್ಲಿಗೇ ಹೋಗುವುದಾದರೆ, ಈಗ ಕಟ್ಟಿದ ಠೇವಣಿ ಬಹುತೇಕ ಹಿಂದಿರುಗುವುದಿಲ್ಲ. ಅದು ಸಾಮಾನ್ಯವಾಗಿ ಕೆಲವು ನೂರು ಡಾಲರ್‌ಗಳ ಮೊತ್ತ. ಸಣ್ಣ ಬೆಳೆಗಾರರಿಗೆ ಅದು ಹಗುರವಾದ ಹಣವಲ್ಲ ಎಂಬುದನ್ನು ಬಲ್ಲೆ. ಆದರೂ ಒಂದು ವರ್ಷದ ಓದನ್ನು ಕಾಪಾಡುವ ವೆಚ್ಚವೆಂದು ಅದನ್ನು ಮೊದಲೇ ಲೆಕ್ಕದಲ್ಲಿ ಬರೆದುಬಿಡಿ. ಕೊನೆಯ ದಿನದವರೆಗೆ ಬಿಡಬೇಡಿ ಎನ್ನುವುದಕ್ಕೂ ಕಾರಣವಿದೆ. ಮೇ 1 ಕಾರ್ಮಿಕರ ದಿನ, ನಮ್ಮ ಬ್ಯಾಂಕುಗಳಿಗೆ ರಜೆ. ವಿದೇಶಕ್ಕೆ ಹಣ ಕಳುಹಿಸಬೇಕಾದರೆ ಪ್ಯಾನ್ ಸಂಖ್ಯೆ, ಪ್ರವೇಶ ಪತ್ರದ ಪ್ರತಿ, ಎ-2 ನಮೂನೆ ಇವೆಲ್ಲ ಬೇಕು. ಸಣ್ಣ ಊರಿನ ಶಾಖೆಯಿಂದ ಆ ಕಾಗದಗಳು ವಿದೇಶಿ ವಿನಿಮಯ ನೋಡುವ ದೊಡ್ಡ ಶಾಖೆಗೆ ಹೋಗಿ ಬರುವಷ್ಟರಲ್ಲಿ ಎರಡು ಮೂರು ದಿನ ಕಳೆಯುವುದುಂಟು.

ನಿಮ್ಮ ಯಜಮಾನರಿಗೆ ನಾನು ಹೇಳುವುದು ಇಷ್ಟು. ಬೆಲೆ ಏರಬಹುದೆಂದು ಚೆರ್ರಿ ಕಾಫಿಯನ್ನು ಗೋದಾಮಿನಲ್ಲಿ ಇಟ್ಟು ಕಾಯುವ ಬೆಳೆಗಾರರು ಕೂಡ ಕೂಲಿಗೆ, ಗೊಬ್ಬರಕ್ಕೆ, ಮನೆಯ ಖರ್ಚಿಗೆ ಬೇಕಾದಷ್ಟನ್ನು ಮೊದಲು ಮಾರಿ, ಉಳಿದ ಚೀಲಗಳನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಮಗಳ ಓದಿನಲ್ಲಿಯೂ ಹಾಗೆಯೇ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಮೂವತ್ತು ವರ್ಷ ಪಾಠ ಮಾಡಿದ ನನ್ನ ಕಣ್ಣೆದುರಿಗೆ ಒಬ್ಬ ವಿದ್ಯಾರ್ಥಿ ಕೈಯಲ್ಲಿದ್ದ ಸೀಟನ್ನು ಬಿಟ್ಟು ಆಗಸ್ಟ್‌ವರೆಗೆ ಕಾದ, ಕರೆ ಬರಲಿಲ್ಲ. ಅವನ ಇಡೀ ವರ್ಷ ಮನೆಯಲ್ಲಿ ಕಳೆಯಿತು. ಅಂದು ಅವನ ತಂದೆಗೆ ನಾನು ಇದನ್ನು ಸ್ಪಷ್ಟವಾಗಿ ಹೇಳಲಿಲ್ಲ ಎಂಬ ನೋವು ನನ್ನಲ್ಲಿ ಈಗಲೂ ಇದೆ. ಆದ್ದರಿಂದ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಮಗಳು ಪಟ್ಟಿಯಲ್ಲಿ ಎಷ್ಟನೆಯವಳು ಎಂಬ ಪ್ರಶ್ನೆ. ರೈಲು ಮಾರ್ಗವೇ ಇಲ್ಲದ ನಮ್ಮ ಕೊಡಗಿನಲ್ಲಿಯೂ ವೇಟಿಂಗ್ ಲಿಸ್ಟ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಮೈಸೂರಿನಿಂದ ಹೊರಡುವ ರೈಲಿನ ಟಿಕೆಟ್. ಅಲ್ಲಿ ಹನ್ನೆರಡನೆಯ ಸಂಖ್ಯೆ ಇದ್ದರೆ ನಮ್ಮ ಮುಂದೆ ಹನ್ನೊಂದು ಜನರಿದ್ದಾರೆ, ಅವರು ಸರಿದಂತೆ ನಾವು ಮೇಲೇರುತ್ತೇವೆ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳ ವೇಟ್‌ಲಿಸ್ಟ್ ಹಾಗಿಲ್ಲ. ಅಲ್ಲಿ ಸಾಲಿಲ್ಲ, ಸಂಖ್ಯೆಯಿಲ್ಲ; ಆದ್ದರಿಂದ ಕೇಳಿದರೂ ಹೇಳಲು ಅವರ ಬಳಿ ಉತ್ತರವಿರುವುದಿಲ್ಲ.

ಅದು ನಡೆಯುವ ಬಗೆ ಹೀಗೆ. ಸೀಟು ಕೊಟ್ಟವರೆಲ್ಲರೂ ಬಂದು ಸೇರುವುದಿಲ್ಲವೆಂದು ವಿಶ್ವವಿದ್ಯಾಲಯಕ್ಕೆ ಗೊತ್ತು. ಹಾಗಾಗಿ ಹಿಂದಿನ ವರ್ಷಗಳ ಅಂದಾಜಿನ ಮೇಲೆ ತನ್ನಲ್ಲಿರುವ ಸ್ಥಳಕ್ಕಿಂತ ಹೆಚ್ಚು ಮಂದಿಗೆ ಪ್ರವೇಶ ಪತ್ರ ಕಳುಹಿಸುತ್ತದೆ. ಮೇ 1 ಕಳೆದ ಮೇಲೆ ಎಷ್ಟು ಮಂದಿ ಠೇವಣಿ ಕಟ್ಟಿದರೆಂದು ಎಣಿಸಿ ನೋಡುತ್ತದೆ. ಅಂದಾಜು ಸರಿಯಾಗಿದ್ದರೆ ವೇಟ್‌ಲಿಸ್ಟ್‌ನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಸಂಖ್ಯೆ ಕಡಿಮೆಯಾಗಿದ್ದರೆ ಎಲ್ಲಿ ಕಡಿಮೆಯಾಗಿದೆ ಎಂದು ಪರಿಶೀಲಿಸುತ್ತದೆ: ಯಾವ ವಿಭಾಗಕ್ಕೆ ವಿದ್ಯಾರ್ಥಿಗಳು ಸಾಲದು, ಯಾವ ಪ್ರದೇಶದವರು ವಿರಳವಾಗಿದ್ದಾರೆ, ಪೂರ್ಣ ಶುಲ್ಕ ಕೊಡಬಲ್ಲವರು ಎಷ್ಟು ಮಂದಿ ಇದ್ದಾರೆ, ಕರೆದರೆ ಖಂಡಿತವಾಗಿ ಬರುವವರು ಯಾರು. ಆ ಖಾಲಿ ಜಾಗಕ್ಕೆ ಹೊಂದುವವರನ್ನು ಪಟ್ಟಿಯ ಯಾವುದೇ ಮೂಲೆಯಿಂದ ಎತ್ತಿಕೊಳ್ಳುತ್ತದೆ. ಇದರಿಂದಾಗಿ, ನಿಮ್ಮ ಮಗಳಿಗೆ ಕರೆ ಬಂದರೂ ಬಾರದಿದ್ದರೂ ಅದು ಅವಳ ಯೋಗ್ಯತೆಯ ಮೇಲೆ ಬರೆದ ತೀರ್ಪಲ್ಲ ಎಂಬುದನ್ನು ಅವಳಿಗೆ ಇದೇ ಲೆಕ್ಕವನ್ನು ಬಿಡಿಸಿ ತೋರಿಸಿ ಹೇಳಿ. ಪ್ರವೇಶಕ್ಕೆ ಅರ್ಹಳಲ್ಲವೆಂದು ತೋರಿದ್ದರೆ ಆ ಇನ್ನೆರಡು ಕಡೆಯವರಂತೆ ಇವರೂ ಮಾರ್ಚ್‌ನಲ್ಲೇ ಇಲ್ಲವೆನ್ನುತ್ತಿದ್ದರು.

ಅವಕಾಶ ಎಷ್ಟಿದೆ ಎಂಬುದನ್ನು ಸುಮ್ಮನೆ ಊಹಿಸಬೇಕಾಗಿಲ್ಲ. ಅಲ್ಲಿನ ಹೆಚ್ಚಿನ ವಿಶ್ವವಿದ್ಯಾಲಯಗಳು ಕಾಮನ್ ಡೇಟಾ ಸೆಟ್ ಎಂಬ ಹೆಸರಿನ ಮಾಹಿತಿ ಪತ್ರವನ್ನು ಪ್ರತಿ ವರ್ಷ ತಮ್ಮ ಜಾಲತಾಣದಲ್ಲಿ ಹಾಕುತ್ತವೆ. ಅದರ ಸಿ-2 ಎಂಬ ಭಾಗದಲ್ಲಿ ವೇಟ್‌ಲಿಸ್ಟ್‌ನಲ್ಲಿ ಎಷ್ಟು ಮಂದಿಯನ್ನು ಇಟ್ಟರು, ಅವರಲ್ಲಿ ಎಷ್ಟು ಮಂದಿ ಉಳಿಯಲು ಒಪ್ಪಿದರು, ಕೊನೆಗೆ ಎಷ್ಟು ಮಂದಿಗೆ ಸೀಟು ಕೊಟ್ಟರು ಎಂಬ ಮೂರು ಅಂಕಿಗಳಿರುತ್ತವೆ. ಒಂದೇ ವರ್ಷದ್ದನ್ನು ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ವರ್ಷಗಳದ್ದನ್ನು ಸಾಲಾಗಿ ಬರೆದು ನೋಡಿ. ಒಂದೇ ವಿಶ್ವವಿದ್ಯಾಲಯ ಒಂದು ವರ್ಷ ಒಬ್ಬರನ್ನೂ ಕರೆಯದೆ, ಇನ್ನೊಂದು ವರ್ಷ ನೂರಾರು ಜನರನ್ನು ಕರೆದಿರುವುದು ಆಗ ಕಾಣುತ್ತದೆ. ಕೋವಿಡ್ ಹರಡಿದ 2020ರಲ್ಲಿ ಯಾರು ಬರುತ್ತಾರೋ ಯಾರು ಬಿಡುತ್ತಾರೋ ತಿಳಿಯದೆ ಅನೇಕ ಕಡೆ ವೇಟ್‌ಲಿಸ್ಟ್‌ನಿಂದ ಹಿಂದೆಂದಿಗಿಂತ ಹೆಚ್ಚು ಮಂದಿಯನ್ನು ತೆಗೆದುಕೊಂಡರು. ಆ ವರ್ಷದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು. ಅತಿ ಹೆಚ್ಚು ಬೇಡಿಕೆಯ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯ ವರ್ಷಗಳ ಅಂಕಿ ಬಹಳ ಚಿಕ್ಕದು. ಮಗಳೇ ಆ ಅಂಕಿಗಳನ್ನು ತನ್ನ ಕೈಯಾರೆ ಬರೆಯಲಿ. ಮಳೆಯ ಲೆಕ್ಕವನ್ನು ಇಂಚು ಸೆಂಟುಗಳಲ್ಲಿ ಓದಿ ಬೆಳೆದ ಹುಡುಗಿಗೆ ಅದರ ಅರ್ಥವನ್ನು ಬೇರೆಯವರು ಹೇಳಬೇಕಾಗಿಲ್ಲ.

ಹಣದ ವಿಷಯದಲ್ಲಿ ಒಂದು ಕಠಿಣ ಮಾತನ್ನು ಮುಚ್ಚಿಡದೆ ಹೇಳಬೇಕು. ವಿದೇಶಿ ವಿದ್ಯಾರ್ಥಿಯ ಆರ್ಥಿಕ ಸ್ಥಿತಿಯನ್ನು ನೋಡದೆ ಪ್ರವೇಶ ಕೊಟ್ಟು, ಬೇಕಾದಷ್ಟು ನೆರವನ್ನೂ ಕೊಡುವ ಸಂಸ್ಥೆಗಳು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಮೊದಲಾದ ಬೆರಳೆಣಿಕೆಯವು ಮಾತ್ರ. ಉಳಿದ ಕಡೆ ನೆರವು ಕೇಳಿದ ವಿದೇಶಿ ವಿದ್ಯಾರ್ಥಿಯ ಅರ್ಜಿಯನ್ನು ಹಣದ ಲೆಕ್ಕವನ್ನೂ ಸೇರಿಸಿಯೇ ತೂಗುತ್ತಾರೆ, ಮತ್ತು ವೇಟ್‌ಲಿಸ್ಟ್ ತೆರೆಯುವ ಹೊತ್ತಿಗೆ ನೆರವಿನ ನಿಧಿ ಬಹುಮಟ್ಟಿಗೆ ಹಂಚಿಹೋಗಿರುತ್ತದೆ. ಆದ್ದರಿಂದ ಪ್ರವೇಶ ಕಚೇರಿಗೆ ಈಗಲೇ ಒಂದು ಇಮೇಲ್ ಬರೆದು, ವೇಟ್‌ಲಿಸ್ಟ್‌ನಿಂದ ಸೀಟು ಪಡೆಯುವ ವಿದೇಶಿ ವಿದ್ಯಾರ್ಥಿಗಳಿಗೆ ಶುಲ್ಕದ ನೆರವು ಸಿಗುವುದೇ ಎಂದು ನೇರವಾಗಿ ಕೇಳಿ. ಇದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಇಲ್ಲವೆಂಬ ಉತ್ತರ ಬಂದರೆ, ನಾಲ್ಕು ವರ್ಷದ ಪೂರ್ತಿ ವೆಚ್ಚವನ್ನು ಎದುರಿಗಿಟ್ಟುಕೊಂಡು, ಕರೆ ಬಂದರೂ ಹೋಗಲು ಸಾಧ್ಯವೇ ಎಂಬುದನ್ನು ಈಗಲೇ ನಿರ್ಧರಿಸಿ. ಸಾಧ್ಯವಿಲ್ಲವೆಂದಾದರೆ ಪಟ್ಟಿಯಿಂದ ಹೆಸರನ್ನು ಹಿಂದಕ್ಕೆ ಪಡೆಯುವುದೇ ಮಗಳಿಗೆ ನೀವು ಮಾಡುವ ಉಪಕಾರ. ಜೂನ್‌ನಲ್ಲಿ ಸೀಟು ಬಂದು, ಹಣವಿಲ್ಲವೆಂದು ಅದನ್ನು ಬಿಡುವ ನೋವು ಈಗಿನದಕ್ಕಿಂತ ಹಲವು ಪಟ್ಟು ದೊಡ್ಡದು.

ಹೋಗಲು ಸಾಧ್ಯವಿದೆ, ಮಗಳಿಗೂ ಇನ್ನೂ ಮನಸ್ಸಿದೆ ಎಂದಾದರೆ ಮುಂದಿನ ಕೆಲಸ ಅವಳದು. ವೇಟ್‌ಲಿಸ್ಟ್‌ನಲ್ಲಿ ಹೆಸರು ತಾನಾಗಿ ಉಳಿಯುವುದಿಲ್ಲ. ಉಳಿಯಲು ಒಪ್ಪಿಗೆಯಿದೆ ಎಂದು ಅವರ ಪೋರ್ಟಲ್‌ನಲ್ಲಿ ಗುರುತು ಹಾಕಬೇಕು, ಅದಕ್ಕೂ ಒಂದು ಕೊನೆಯ ದಿನಾಂಕವಿರುತ್ತದೆ. ಇದನ್ನು ಮರೆತು ಅವಕಾಶ ಕಳೆದುಕೊಂಡ ಮಕ್ಕಳಿದ್ದಾರೆ. ಅದಾದ ಮೇಲೆ ಪ್ರವೇಶ ಕಚೇರಿಗೆ ಒಂದು ಪತ್ರ ಬರೆಯಬೇಕು. ಕೆಲವು ವಿಶ್ವವಿದ್ಯಾಲಯಗಳು ಹೊಸದಾಗಿ ಏನನ್ನೂ ಕಳುಹಿಸಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತವೆ. ಹಾಗಿದ್ದರೆ ಆ ಮಾತನ್ನು ಅಕ್ಷರಶಃ ಪಾಲಿಸಬೇಕು. ಕೆಲವು ತಮ್ಮದೇ ನಮೂನೆಯಲ್ಲಿ ಬರೆಯಲು ಕೇಳುತ್ತವೆ. ಎರಡೂ ಇಲ್ಲದಿದ್ದರೆ ಒಂದು ಪುಟ ಮೀರದ ಪತ್ರ ಸಾಕು.

ಆ ಪುಟದಲ್ಲಿ ಏನಿರಬೇಕು ಎಂಬುದರ ಬಗ್ಗೆ ನಿಮ್ಮ ಪತ್ರದಲ್ಲೇ ಉತ್ತರವಿದೆ, ನೀವು ಗಮನಿಸಿಲ್ಲ. ಅಜ್ಜನ ಮಳೆ ಪುಸ್ತಕಗಳ ವಿಷಯವನ್ನು ಅವಳು ಅರ್ಜಿಯಲ್ಲಿ ಬರೆದಾಗಿದೆ. ಅದನ್ನೇ ಮತ್ತೆ ಹೇಳುವುದರಲ್ಲಿ ಅರ್ಥವಿಲ್ಲ. ಆದರೆ ಅದಾದ ಮೇಲೆ ಇನ್ನೆರಡು ತೋಟಗಳ ಲೆಕ್ಕವನ್ನು ತಂದು ಜೋಡಿಸಿದ್ದಾಳಲ್ಲ, ಅದು ಅವರಿಗೆ ತಿಳಿಯದ ಹೊಸ ಸಂಗತಿ. ಮೂರು ಪುಸ್ತಕಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಅವಳಿಗೆ ಏನು ಕಂಡಿತು? ಕಾಫಿ ಹೂ ಅರಳಿಸುವ ಮಾರ್ಚ್ ಏಪ್ರಿಲ್‌ನ ಹೂಮಳೆ ಬೀಳುವ ದಿನಗಳು ಹಿಂದೆ ಮುಂದೆ ಸರಿದಿವೆಯೇ, ಹೂಮಳೆಯ ನಂತರ ಬರಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟ ವರ್ಷಗಳು ಎಷ್ಟು, ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಮಳೆ ಎಷ್ಟು ಬೇರೆಯಾಗಿದೆ? ಕಂಡದ್ದನ್ನು ಕಂಡಷ್ಟೇ, ಹಿಗ್ಗಿಸದೆ, ನಾಲ್ಕೈದು ವಾಕ್ಯಗಳಲ್ಲಿ ಬರೆಯಲಿ. ಈ ಕೆಲಸವನ್ನು ಆ ವಿಶ್ವವಿದ್ಯಾಲಯದಲ್ಲಿ ಯಾವ ವಿಭಾಗದಲ್ಲಿ, ಯಾವ ಪಾಠಕ್ರಮದ ಜೊತೆಗೆ ಮುಂದುವರಿಸಲು ಬಯಸುತ್ತಾಳೆ ಎಂಬುದನ್ನು ಹೆಸರು ಹಿಡಿದು ಹೇಳಲಿ. ಸೀಟು ಕೊಟ್ಟರೆ ಖಂಡಿತವಾಗಿ ಬಂದು ಸೇರುತ್ತೇನೆ ಎಂಬ ಒಂದು ವಾಕ್ಯ ಇರಬೇಕು, ಆದರೆ ಅದು ನಿಜವಾಗಿದ್ದರೆ ಮಾತ್ರ. ದುಃಖವನ್ನು ತೋಡಿಕೊಳ್ಳುವುದು, ಏಕೆ ತೆಗೆದುಕೊಳ್ಳಲಿಲ್ಲವೆಂದು ಕೇಳುವುದು, ಸೀಟು ಸಿಕ್ಕ ಇತರ ವಿಶ್ವವಿದ್ಯಾಲಯಗಳನ್ನು ಕೀಳಾಗಿ ಕಾಣುವುದು ಇವು ಯಾವುವೂ ಬೇಡ. ಪತ್ರವನ್ನು ಅವಳೇ ಬರೆಯಬೇಕು. ಹೆತ್ತವರ ಕೈ ಬಿದ್ದ ಪತ್ರವನ್ನು ಸಾವಿರಾರು ಅರ್ಜಿ ಓದಿದವರು ಬಹಳ ಬೇಗ ಗುರುತಿಸುತ್ತಾರೆ.

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಕೂಡಲೇ ಅಂಕಪಟ್ಟಿಯನ್ನು ಶಾಲೆಯ ಮೂಲಕ ಕಳುಹಿಸಿ. ನಮ್ಮ ದ್ವಿತೀಯ ಪಿಯು ಫಲಿತಾಂಶ ಏಪ್ರಿಲ್‌ನಲ್ಲೂ ಸಿಬಿಎಸ್‌ಇ ಫಲಿತಾಂಶ ಮೇ ತಿಂಗಳಲ್ಲೂ ಬರುವ ರೂಢಿಯಿರುವುದರಿಂದ, ಅವರು ಪಟ್ಟಿಯನ್ನು ತೆರೆಯುವ ಹೊತ್ತಿಗೆ ಅದು ಅವರ ಕೈಯಲ್ಲಿರುತ್ತದೆ. ಇಷ್ಟಾದ ಮೇಲೆ ವಾರವಾರವೂ ಇಮೇಲ್ ಕಳುಹಿಸುವುದು, ಫೋನ್ ಮಾಡುವುದು ಬೇಡ.

ನಿವೃತ್ತ ಬ್ರಿಗೇಡಿಯರ್ ಅವರ ಬಗ್ಗೆ ಕೇಳಿದ್ದೀರಿ. ಕೊಡಗಿನಲ್ಲಿ ಸೇನೆಯ ಹಿರಿಯರ ಮಾತಿಗೆ ಇರುವ ಬೆಲೆಯನ್ನು ನಾನು ಬಲ್ಲೆ, ಗೌರವಿಸುತ್ತೇನೆ. ಆದರೆ ಪ್ರವೇಶ ಕಚೇರಿ ಕೇಳುವುದು ಪತ್ರ ಬರೆದವರ ಪದವಿಯನ್ನಲ್ಲ, ಅವರು ವಿದ್ಯಾರ್ಥಿಯ ಕೆಲಸವನ್ನು ಎಷ್ಟು ಹತ್ತಿರದಿಂದ ನೋಡಿದ್ದಾರೆ ಎಂಬುದನ್ನು. ಮಗಳನ್ನು ಮದುವೆ ಮನೆಗಳಲ್ಲಿ ಮಾತ್ರ ಕಂಡಿರುವ ಹಿರಿಯರ ಪತ್ರ ಅವಳಿಗೆ ಏನನ್ನೂ ಕೂಡಿಸುವುದಿಲ್ಲ. ಹೆಚ್ಚುವರಿ ಶಿಫಾರಸು ಪತ್ರವನ್ನು ಆ ವಿಶ್ವವಿದ್ಯಾಲಯ ಸ್ವೀಕರಿಸುವುದಾದರೆ, ಮಳೆ ಲೆಕ್ಕವನ್ನು ಕಂಪ್ಯೂಟರ್‌ಗೆ ಏರಿಸುವಾಗ ಜೊತೆಗಿದ್ದು ತಿದ್ದಿದ ಭೂಗೋಳದ ಅಥವಾ ಗಣಿತದ ಅಧ್ಯಾಪಕರಿಂದ ಬರೆಸಿ. ನೆರೆಯ ತೋಟದವರು ತಮ್ಮ ಪುಸ್ತಕಗಳನ್ನು ಅವಳನ್ನು ನಂಬಿ ಕೊಟ್ಟ ಸಂಗತಿಯೂ ಆ ಪತ್ರದಲ್ಲಿ ಬಂದರೆ ಇನ್ನೂ ಒಳ್ಳೆಯದು.

ಕರೆ ಬರುವುದಾದರೆ ಹೆಚ್ಚಾಗಿ ಮೇ ಎರಡನೆಯ ವಾರದಿಂದ ಜೂನ್ ಕೊನೆಯೊಳಗೆ ಬರುತ್ತದೆ. ಜುಲೈನಲ್ಲಿ ಬರುವುದು ಕಡಿಮೆ, ಆಗಸ್ಟ್‌ನಲ್ಲಿ ತೀರಾ ಅಪರೂಪ. ಉತ್ತರ ಕೊಡಲು ಕೆಲವೊಮ್ಮೆ ಎರಡು ಮೂರು ದಿನ, ಕೆಲವೊಮ್ಮೆ ಒಂದೇ ದಿನ ಸಮಯವಿರುತ್ತದೆ. ಆ ದಿನಗಳಲ್ಲಿ ಅಮೆರಿಕದ ಪೂರ್ವ ಕರಾವಳಿಯ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುವುದರಿಂದ, ಅಲ್ಲಿನ ಕಚೇರಿಯ ವೇಳೆ ಎಂದರೆ ನಮ್ಮಲ್ಲಿ ಸಂಜೆ ಆರೂವರೆಯಿಂದ ನಡುರಾತ್ರಿ ಎರಡೂವರೆಯವರೆಗೆ. ಜೂನ್ ಹೊತ್ತಿಗೆ ನಮ್ಮಲ್ಲಿ ಮಳೆಗಾಲ ಹಿಡಿದಿರುತ್ತದೆ, ಮರ ಬಿದ್ದು ಕರೆಂಟು ಹೋದರೆ ಮೊಬೈಲ್ ಟವರ್ ಕೂಡ ಸುಮ್ಮನಾಗುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅರ್ಜಿಯಲ್ಲಿ ಕೊಟ್ಟ ಇಮೇಲನ್ನು ಸ್ಪಾಮ್ ವಿಭಾಗದ ಸಮೇತ ದಿನವೂ ನೋಡುವ ವ್ಯವಸ್ಥೆಯಾಗಬೇಕು. ಮಳೆ ಅಷ್ಟಾಗಿ ಕಾಡದ ಕುಶಾಲನಗರದಲ್ಲೋ ಮೈಸೂರಿನಲ್ಲೋ ಇರುವ ನಂಬಿಕೆಯ ನೆಂಟರೊಬ್ಬರಿಗೆ, ನಿಮ್ಮ ಮನೆಯ ಸಂಪರ್ಕ ಕಡಿದ ದಿನಗಳಲ್ಲಿ ಅದನ್ನು ನೋಡಿ ಹೇಳಲು ಮಗಳೇ ಕೇಳಿಕೊಳ್ಳಲಿ. ಬಂದರೆ ಒಪ್ಪುವುದೋ ಬಿಡುವುದೋ ಎಂಬ ತೀರ್ಮಾನ ಆ ರಾತ್ರಿ ಆಗಬಾರದು, ಈಗಲೇ ಆಗಿರಬೇಕು.

ವೀಸಾ ಕೆಲಸವನ್ನು ವೇಟ್‌ಲಿಸ್ಟ್‌ಗಾಗಿ ತಡೆಹಿಡಿಯಬೇಡಿ. ಠೇವಣಿ ಕಟ್ಟಿದ ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ವೆಚ್ಚಕ್ಕೆ ಹಣವಿದೆ ಎಂಬುದರ ದಾಖಲೆ ಕೊಟ್ಟರೆ ಅವರು ವೀಸಾಕ್ಕೆ ಬೇಕಾದ ಐ-20 ಎಂಬ ಪತ್ರ ಕಳುಹಿಸುತ್ತಾರೆ. ಅದು ಬಂದ ಮೇಲೆ, ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ಸೆವಿಸ್ ವ್ಯವಸ್ಥೆಯ ಶುಲ್ಕವಾದ 350 ಡಾಲರ್ ಕಟ್ಟಿ, ಎಫ್-1 ವಿದ್ಯಾರ್ಥಿ ವೀಸಾಕ್ಕೆ ಸಂದರ್ಶನದ ದಿನಾಂಕ ಪಡೆಯಬೇಕು. ನಮ್ಮ ಕಡೆಯವರು ರೂಢಿಯಾಗಿ ಇದಕ್ಕೆ ಚೆನ್ನೈ ಅಥವಾ ಹೈದರಾಬಾದಿಗೆ ಹೋಗಿ ಬರುತ್ತಾರೆ. ಬೇಸಿಗೆಯಲ್ಲಿ ದಿನಾಂಕ ಸಿಗುವುದೇ ಕಷ್ಟ. 2025ರಲ್ಲಂತೂ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ವಿದ್ಯಾರ್ಥಿ ವೀಸಾ ಸಂದರ್ಶನಗಳಿಗೆ ಹೊಸ ದಿನಾಂಕ ಕೊಡುವುದನ್ನೇ ಅಮೆರಿಕ ನಿಲ್ಲಿಸಿತ್ತು. ಆಗ ಮೊದಲೇ ದಿನಾಂಕ ಪಡೆದಿದ್ದವರು ಪಾರಾದರು. ನಡುವೆ ವೇಟ್‌ಲಿಸ್ಟ್‌ನಿಂದ ಕರೆ ಬಂದರೆ ಹೊಸ ವಿಶ್ವವಿದ್ಯಾಲಯದಿಂದ ಹೊಸ ಐ-20 ತರಿಸಿಕೊಳ್ಳಬೇಕಾಗುತ್ತದೆ, ಆದರೆ ಆಗಲೇ ಕಟ್ಟಿದ ಸೆವಿಸ್ ಶುಲ್ಕವನ್ನು ಅದಕ್ಕೆ ವರ್ಗಾಯಿಸಿಕೊಳ್ಳಲು ಬರುತ್ತದೆ. ವೀಸಾ ಮುದ್ರೆ ಬಿದ್ದ ಮೇಲೆ ಕರೆ ಬಂದರೆ, ಯಾವ ಕಾಗದವನ್ನು ಹೇಗೆ ಬದಲಿಸಬೇಕೆಂದು ಹೊಸ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಅಂದೇ ಕೇಳಿ.

ಶಿಕ್ಷಣ ಸಾಲ ಪಡೆಯುವ ಯೋಚನೆಯಿದ್ದರೆ ಬ್ಯಾಂಕಿನವರಿಗೆ ಎರಡೂ ವಿಶ್ವವಿದ್ಯಾಲಯಗಳ ವಿಷಯವನ್ನು ಮೊದಲೇ ತಿಳಿಸಿ. ಸಾಲದ ಮಂಜೂರಾತಿ ಇಂಥದೇ ವಿಶ್ವವಿದ್ಯಾಲಯ, ಇಂಥದೇ ಕೋರ್ಸ್ ಎಂದು ನಮೂದಾಗಿ ಬರುವುದರಿಂದ, ಸೀಟು ಬದಲಾದರೆ ಕಾಗದವೂ ಬದಲಾಗಬೇಕು. ನಿಮ್ಮ ತೋಟ ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗವಾಗಿದ್ದರೆ ಇನ್ನೂ ಒಂದು ತೊಡಕಿದೆ. ಪಹಣಿಯಲ್ಲಿ ಹಿರಿಯರ ಹೆಸರೇ ಉಳಿದಿದ್ದರೆ ಅದನ್ನು ಅಡಮಾನಕ್ಕೆ ತೋರಿಸುವಾಗ ಕುಟುಂಬದ ಹಕ್ಕುದಾರರೆಲ್ಲರ ಒಪ್ಪಿಗೆ ಕೇಳಬಹುದು. ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದುಬೈಯಲ್ಲಿ ಇದ್ದರೆ ಸಹಿ ಕೂಡಿಸಲು ತಿಂಗಳೇ ಬೇಕು. ಆ ಕೆಲಸವನ್ನು ಈ ವಾರವೇ ಆರಂಭಿಸಿ. ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಅದು ಬೇಕಾಗುವ ಕಾಗದ.

ಕೊನೆಯದಾಗಿ ಮಗಳ ಊಟದ ವಿಷಯ. ಅವಳು ಮೂರು ವರ್ಷ ಒಂದೇ ಹೆಸರನ್ನು ಜಪಿಸಿದ್ದಾಳೆ; ಸೀಟು ಸಿಕ್ಕಿರುವ ವಿಶ್ವವಿದ್ಯಾಲಯವನ್ನು ಸರಿಯಾಗಿ ನೋಡಿಯೇ ಇರಲಾರಳು. ಅಲ್ಲಿನ ಪರಿಸರ ವಿಜ್ಞಾನ ವಿಭಾಗದಲ್ಲಿ ಯಾರು ಪಾಠ ಮಾಡುತ್ತಾರೆ, ಮೊದಲ ವರ್ಷದಲ್ಲೇ ಸಂಶೋಧನೆಗೆ ಸೇರಲು ಅವಕಾಶವಿದೆಯೇ, ಅಲ್ಲಿ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳು ಯಾರಾದರೂ ಇದ್ದಾರೆಯೇ ಎಂದು ಹುಡುಕಲು ಹೇಳಿ. ಶುಲ್ಕದಲ್ಲಿ ರಿಯಾಯಿತಿ ಕೊಟ್ಟವರು ಅವಳು ತಮ್ಮಲ್ಲಿಗೆ ಬರಲಿ ಎಂದು ಬಯಸಿದವರು. ಅದನ್ನು ಅವಳಿಗೆ ನೆನಪಿಸಿ. ಅಲ್ಲಿ ಒಂದು ವರ್ಷ ಓದಿದ ಮೇಲೂ ಮನಸ್ಸು ಮೊದಲಿನ ಕಡೆಗೇ ಇದ್ದರೆ ಎರಡನೆಯ ವರ್ಷಕ್ಕೆ ವರ್ಗಾವಣೆ ಕೋರಿ ಅರ್ಜಿ ಹಾಕುವ ದಾರಿ ಅಮೆರಿಕದಲ್ಲಿದೆ, ಆದರೆ ಅಲ್ಲಿಯೂ ಸ್ಪರ್ಧೆ ಕಡಿಮೆಯಿಲ್ಲ, ನೆರವು ಇನ್ನೂ ಕಡಿಮೆ. ಕಾಯುವುದಕ್ಕೂ ಒಂದು ಕೊನೆಯ ದಿನವನ್ನು ಅವಳೇ ಗೊತ್ತುಮಾಡಿಕೊಳ್ಳಲಿ. ಜೂನ್ 30 ಎಂದಿಟ್ಟುಕೊಂಡರೆ ಸಾಕು. ಅಷ್ಟರೊಳಗೆ ಕರೆ ಬಾರದಿದ್ದರೆ ಪೋರ್ಟಲ್‌ನಲ್ಲಿ ತನ್ನ ಹೆಸರನ್ನು ತಾನೇ ಹಿಂತೆಗೆದುಕೊಂಡು, ಹೊರಡುವ ಸಿದ್ಧತೆಗೆ ಕೈಹಾಕಲಿ. ಮಳೆ ಲೆಕ್ಕದ ಕೆಲಸವನ್ನು ಮಾತ್ರ ನಿಲ್ಲಿಸಬೇಡಿ ಎಂದು ಅವಳಿಗೆ ನನ್ನ ಪರವಾಗಿ ಹೇಳಿ. ಯಾವ ಪ್ರವೇಶ ಕಚೇರಿಯೂ ಕೇಳದಿದ್ದರೂ ಅದು ನಮ್ಮ ಜಿಲ್ಲೆಗೆ ಬೇಕಾದ ಕೆಲಸ.

ಪ್ರಶ್ನೆ: ನಾನು ಸಹ ಅಮೆರಿಕದ ವಿಶ್ವವಿದ್ಯಾಲಯವೊಂದರ ವೇಟ್‌ಲಿಸ್ಟ್‌ನಲ್ಲಿದ್ದೇನೆ. ನನ್ನ ಅರ್ಜಿಯನ್ನು ತುಂಬಿಸಿದ ಏಜೆಂಟ್ ಒಬ್ಬರು ತಮಗೆ ಒಳಗಿನ ಸಂಪರ್ಕವಿದೆ, ಒಂದೂವರೆ ಲಕ್ಷ ರೂಪಾಯಿ ಕೊಟ್ಟರೆ ಲಿಸ್ಟ್ ಕ್ಲಿಯರ್ ಮಾಡಿಸುತ್ತೇನೆ, ಆಗದಿದ್ದರೆ ಅರ್ಧ ಹಣ ವಾಪಸ್ ಎನ್ನುತ್ತಿದ್ದಾರೆ. ಅಪ್ಪ ಕಾಳುಮೆಣಸು ಮಾರಿದ ಹಣವನ್ನು ಕೊಡಲು ಸಿದ್ಧರಿದ್ದಾರೆ. ಕೊಡಬಹುದೇ?

(ವಿದ್ಯಾರ್ಥಿ, ಗೋಣಿಕೊಪ್ಪ)

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಸಾಲೇ ಇಲ್ಲದ ಪಟ್ಟಿಯಲ್ಲಿ ನಿಮ್ಮನ್ನು ಮುಂದಕ್ಕೆ ತಳ್ಳಲು ಯಾರಿಗೂ ಸಾಧ್ಯವಿಲ್ಲ. ಅವರ ಲೆಕ್ಕ ಸರಳವಾಗಿದೆ: ಹತ್ತು ಮಕ್ಕಳಿಂದ ಹಣ ಪಡೆದರೆ ಒಬ್ಬರಿಬ್ಬರಿಗೆ ತಾನಾಗಿಯೇ ಕರೆ ಬರುತ್ತದೆ, ಅದನ್ನು ತಮ್ಮ ಸಾಧನೆಯೆಂದು ತೋರಿಸಬಹುದು, ಉಳಿದವರಿಗೆ ಅರ್ಧ ಹಿಂದಿರುಗಿಸಿದರೂ ಅರ್ಧ ಅವರಲ್ಲೇ ಉಳಿಯುತ್ತದೆ. ನಿಜವಾಗಿಯೂ ಒಳಗಿನವರಿಗೆ ಹಣ ತಲುಪಿಸುವ ಶಕ್ತಿ ಅವರಿಗಿದ್ದರೆ ಅದು ಇನ್ನೂ ಭಯಂಕರ. 2019ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಬಯಲಾದ ಪ್ರವೇಶ ಹಗರಣದಲ್ಲಿ ಮಕ್ಕಳ ಸೀಟಿಗಾಗಿ ಮಧ್ಯವರ್ತಿಗೆ ಹಣ ಕೊಟ್ಟ ಶ್ರೀಮಂತ ಪೋಷಕರು ಜೈಲಿಗೆ ಹೋದರು, ಕೆಲವು ಮಕ್ಕಳು ಸೇರಿದ್ದ ಸೀಟನ್ನೂ ಕಳೆದುಕೊಂಡರು. ಕೆನಡಾದಲ್ಲಿ 2023ರಲ್ಲಿ, ಏಜೆಂಟ್ ಕೊಟ್ಟ ಪ್ರವೇಶ ಪತ್ರ ನಕಲಿ ಎಂಬುದೇ ತಿಳಿಯದೆ ಅಲ್ಲಿಗೆ ಹೋಗಿದ್ದ ಭಾರತದ ವಿದ್ಯಾರ್ಥಿಗಳು ಗಡೀಪಾರಿನ ಭೀತಿಯಲ್ಲಿ ದಿನ ಕಳೆದರು.

ನಿಮ್ಮ ಅರ್ಜಿಯನ್ನು ಏಜೆಂಟ್ ತುಂಬಿಸಿದ್ದಾರೆ ಎಂದಿದ್ದೀರಿ, ಅದು ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ಇಂದೇ ಕುಳಿತು ವಿಶ್ವವಿದ್ಯಾಲಯದ ಪೋರ್ಟಲ್ ಮತ್ತು ಅದಕ್ಕೆ ಕೊಟ್ಟ ಇಮೇಲ್ ಎರಡರ ಪಾಸ್‌ವರ್ಡ್‌ಗಳನ್ನು ಬದಲಿಸಿ, ಅಲ್ಲಿರುವ ಫೋನ್ ಸಂಖ್ಯೆ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ. ನಿಮ್ಮ ಹೆಸರಿನಲ್ಲಿ ಏನೇನು ಬರೆದು ಕಳುಹಿಸಿದ್ದಾರೆಂದು ಪೂರ್ತಿ ಓದಿ. ಅಲ್ಲಿ ನೀವು ಮಾಡದ ಕೆಲಸ, ಪಡೆಯದ ಪ್ರಶಸ್ತಿ ಕಂಡರೆ ಪ್ರವೇಶ ಕಚೇರಿಗೆ ನೀವೇ ಬರೆದು ತಿದ್ದಿಸಿ. ಸೀಟು ಕೈತಪ್ಪುವ ಅಪಾಯವಿದ್ದರೂ ಇದನ್ನು ಮಾಡಲೇಬೇಕೆಂದು ನಾನು ಹೇಳುತ್ತೇನೆ. ಸುಳ್ಳಿನ ಮೇಲೆ ಸಿಕ್ಕ ಪ್ರವೇಶವನ್ನು ಪದವಿ ಮುಗಿದ ಮೇಲೂ ರದ್ದುಗೊಳಿಸಲು ಅವರಿಗೆ ಅಧಿಕಾರವಿದೆ. ನಿಮ್ಮ ತಂದೆಯವರಿಗೆ ಈ ಉತ್ತರವನ್ನು ಓದಿ ಹೇಳಿ. ವೇಟ್‌ಲಿಸ್ಟ್‌ನಲ್ಲಿ ಮಾಡಬೇಕಾದುದೆಲ್ಲ ಮೇಲಿನ ಉತ್ತರದಲ್ಲಿದೆ, ಅದಕ್ಕೆ ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ.

ಪ್ರಶ್ನೆ: ನಾನು ಈ ವರ್ಷ ಸಿಇಟಿ ಬರೆದಿದ್ದೇನೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಬಿ.ಎಸ್ಸಿ. ಅರಣ್ಯಶಾಸ್ತ್ರ ಓದುವುದು ನನ್ನ ಮೊದಲ ಆಯ್ಕೆ. ಮೊದಲ ಸುತ್ತಿನಲ್ಲಿ ಬೇರೆ ಜಿಲ್ಲೆಯ ಕೃಷಿ ಕಾಲೇಜು ಸಿಕ್ಕರೆ ಅದನ್ನು ಬಿಟ್ಟು ಕಾಯಬೇಕೇ? ಕಾಲೇಜಿಗೆ ಹೋಗಿ ಡೀನ್ ಅವರನ್ನು ಕಂಡು ಆಸಕ್ತಿಯನ್ನು ಹೇಳಿಕೊಂಡರೆ ಅನುಕೂಲವಾಗುತ್ತದೆಯೇ?

(ವಿದ್ಯಾರ್ಥಿ, ವಿರಾಜಪೇಟೆ)

ಉತ್ತರ: ಇಲ್ಲಿ ಪದ್ಧತಿಯೇ ಬೇರೆ. ಆ ಮಹಾವಿದ್ಯಾಲಯ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅದರ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನಿಮ್ಮ ರ‍್ಯಾಂಕ್, ಮೀಸಲಾತಿ, ನೀವು ದಾಖಲಿಸಿದ ಆಯ್ಕೆಗಳ ಕ್ರಮ ಈ ಮೂರನ್ನು ಬಿಟ್ಟು ಬೇರೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಡೀನ್ ಅವರ ಕೈಯಲ್ಲಿ ಸೀಟಿಲ್ಲ. ಕಾಲೇಜನ್ನು ನೋಡಿ ಬರಲು ಹೋಗುವುದಾದರೆ ಸಂತೋಷ. ಆಯ್ಕೆಗಳನ್ನು ತುಂಬುವಾಗ ಪೊನ್ನಂಪೇಟೆಯನ್ನು ಎಲ್ಲಕ್ಕಿಂತ ಮೇಲೆ ಹಾಕಿ, ಏಕೆಂದರೆ ಮುಂದಿನ ಸುತ್ತಿನಲ್ಲಿ ಈಗ ಸಿಕ್ಕ ಸೀಟಿಗಿಂತ ಮೇಲಿರುವ ಆಯ್ಕೆಗಳನ್ನು ಮಾತ್ರ ಪರಿಗಣಿಸುತ್ತಾರೆ. ಕೃಷಿ ಕಾಲೇಜು ಸಿಕ್ಕಿ, ಅದೂ ಒಪ್ಪಿಗೆಯಾಗುವಂತಿದ್ದರೆ, ಸೀಟು ಹಂಚಿಕೆಯಾದ ಮೇಲೆ ಪ್ರಾಧಿಕಾರ ಮುಂದಿಡುವ ಚಾಯ್ಸ್‌ಗಳಲ್ಲಿ ಎರಡನೆಯದನ್ನು ಒತ್ತಿ. ಕೈಯಲ್ಲಿರುವ ಸೀಟು ಉಳಿದುಕೊಂಡು ಮುಂದಿನ ಸುತ್ತಿನಲ್ಲೂ ಭಾಗವಹಿಸಬಹುದು, ಮೇಲಿನ ಆಯ್ಕೆ ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ. ಆ ಚಾಯ್ಸ್‌ಗೆ ಶುಲ್ಕವನ್ನು ಯಾವಾಗ ಕಟ್ಟಬೇಕೆಂಬುದನ್ನು ಈ ವರ್ಷದ ಪ್ರಕಟಣೆಯಲ್ಲಿ ಓದಿ ತಿಳಿದುಕೊಳ್ಳಿ. ಮೂರನೆಯ ಚಾಯ್ಸ್ ಒತ್ತಿದರೆ ಸಿಕ್ಕ ಸೀಟನ್ನು ತಿರಸ್ಕರಿಸಿದಂತೆ, ಮುಂದಿನ ಸುತ್ತಿನಲ್ಲಿ ಏನೂ ಸಿಗದಿದ್ದರೆ ಅದನ್ನು ಮರಳಿ ಕೇಳುವಂತಿಲ್ಲ. ಕೃಷಿ ಓದಲು ಖಂಡಿತ ಮನಸ್ಸಿಲ್ಲದಿದ್ದರೆ ಮಾತ್ರ ಅದನ್ನು ಒತ್ತಿ, ಅದಕ್ಕೂ ಮುಂಚೆ ಮನೆಯವರೊಡನೆ ಮಾತಾಡಿ.